ಇಪ್ಪತ್ತೇಳನೇ ತಾಕಿನ ಬೆರಕೆ ಸೊಪ್ಪು

ಕಾಮಾಕ್ಷಕ್ಕನ ಬಗ್ಗೆ ಯಾರಾದರೂ "ಪಾಪ" ಎಂದು ಬರೆಯಲು ಶುರು ಮಾಡಿದರೆ ಅವರು ಬಂದು ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾರೆ. ಆದ್ದರಿಂದ ನಾನು ಹಾಗೆ ಶುರು ಮಾಡುವುದಿಲ್ಲ. ಅವರು ಪಾಪದವರಲ್ಲ, ಸಾಧುವೂ ಅಲ್ಲ. ಜಪಾನಿನ ಸಗಮಿಹಾರಾದಲ್ಲಿ ನಮ್ಮ ಮನೆಯ ಹಾಲಿನಷ್ಟು ಅಗಲದ ನೆಲಕ್ಕಾಗಿ ಒಂದು ಇಡೀ ಬೇಸಿಗೆ ಜಗಳ ಕಾದ ಹೆಂಗಸು. ಆ ಜಗಳದಲ್ಲಿ ಮೊದಲು ಅವರ ವಿರುದ್ಧ ಕೆಲಸ ಮಾಡಿದವಳು ನಾನೇ, ಅದೂ ಉಪಕಾರ ಮಾಡುತ್ತೇನೆಂದು ಹೊರಟು.

ಅವರ ಊರು ಮುಳಬಾಗಿಲಿನ ಹತ್ತಿರದ ಒಂದು ಹಳ್ಳಿ. ತಾಯಿ ಬೇರೆಯವರ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು. ಗಂಡ ಸತ್ಯನಾರಾಯಣ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಮಗಳು ಸ್ಪಂದನಾಗೆ ಆಗ ಹನ್ನೆರಡು ವರ್ಷ. ಮೂರನೇ ವಯಸ್ಸಿಗೇ ಇಲ್ಲಿಗೆ ಬಂದ ಹುಡುಗಿ, ತಾಯಿ ಕನ್ನಡದಲ್ಲಿ ಕೇಳಿದರೆ ಜಪಾನೀಸಿನಲ್ಲಿ ಉತ್ತರ ಕೊಡುತ್ತಾಳೆ. ಕಾಮಾಕ್ಷಕ್ಕ ಕೊಂಬಿನಿಗಳಿಗೆ, ಅಂದರೆ ದಿನವಿಡೀ ತೆರೆದಿರುವ ಆ ಸಣ್ಣ ಅಂಗಡಿಗಳಿಗೆ, ಊಟದ ಡಬ್ಬಿ ತುಂಬಿಸಿ ಕಳಿಸುವ ಕಾರ್ಖಾನೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಅವರು ವಾಸವಿದ್ದ ಕಟ್ಟಡದಲ್ಲೇ ಅವರ ಕೆಳಗಿನ ಮನೆ ನಮ್ಮದು. ನಾನು ಬೆಂಗಳೂರಿನ ಬಸವನಗುಡಿಯವಳು, ಹೆಸರು ಸಿಂಧೂರಾ, ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಏಪ್ರಿಲ್‌ನಲ್ಲಿ ತುರ್ತು ಪರಿಸ್ಥಿತಿ ಎಂದರು. ನಾನು, ನನ್ನ ಗಂಡ ಅನೂಪ್, ಆರು ವರ್ಷದ ಮಗಳು ಸಂಜನಾ, ಮೂವರೂ ಎರಡು ಕೋಣೆಯಲ್ಲಿ. ಅನೂಪ್ ಅಡುಗೆಮನೆಯಲ್ಲಿ ಮೀಟಿಂಗ್ ಮಾಡಿದರೆ ನಾನು ಮಲಗುವ ಕೋಣೆಯಲ್ಲಿ. ಮನೆಯಿಂದ ಕೆಲಸ ಎಂದರೆ ಮನೆಗೂ ಕೆಲಸಕ್ಕೂ ನಡುವೆ ಇದ್ದ ಬಾಗಿಲು ಕಿತ್ತುಹೋದದ್ದು ಅಷ್ಟೆ. ಒಲೆ ಹಚ್ಚಲು ಪುರಸೊತ್ತಿಲ್ಲ, ಪುರಸೊತ್ತಿದ್ದರೂ ಮನಸ್ಸಿಲ್ಲ. ಮೂರು ಹೊತ್ತೂ ಕೊಂಬಿನಿ ಡಬ್ಬಿ, ಬಿಸಿನೀರು ಸುರಿದರೆ ಆಗುವ ನೂಡಲ್ಸು. ಸಂಜನಾಳಿಗೆ ವಾರಕ್ಕೆ ನಾಲ್ಕು ದಿನ ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು. ಅವಳು ಬಚ್ಚಲಲ್ಲಿ ಕೂತು ಅಳುತ್ತಿದ್ದರೆ ನಾನು ಬಾಗಿಲ ಹೊರಗೆ ಮೈಕ್ ಮ್ಯೂಟ್ ಮಾಡಿಕೊಂಡು ನಿಂತಿರುತ್ತಿದ್ದೆ.

ಒಂದು ದಿನ ಮೆಟ್ಟಿಲಲ್ಲಿ ಕಾಮಾಕ್ಷಕ್ಕ ನನ್ನ ಕೈಯಲ್ಲಿದ್ದ ಡಬ್ಬಿಗಳನ್ನು ನೋಡಿದರು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿದ್ದರೂ ಬೈಯುವುದು ಗೊತ್ತಾಗುತ್ತಿತ್ತು.

"ಇದರೊಳಗೆ ಹಸಿರು ಏನಿದೆ ತೋರ್ಸು ನೋಡಣ."

ಮುಚ್ಚಳದ ಮೂಲಕ ನಾನು ಒಂದು ಎಲೆ ತೋರಿಸಿದೆ. ಅನ್ನಕ್ಕೂ ಕರಿದದ್ದಕ್ಕೂ ನಡುವೆ ಹುಲ್ಲಿನ ಹಾಗೆ ಕತ್ತರಿಸಿ ನಿಲ್ಲಿಸಿದ್ದರು.

"ಅದು ಪ್ಲಾಸ್ಟಿಕ್ಕು ಕಣೆ! ನಾನೇ ಇಡೋದು ಅದನ್ನ. ದಿನಾ ಮೂರು ಸಾವಿರ ಡಬ್ಬೀಗೆ. ನೀನು ತಿನ್ನೋದ್ರಲ್ಲಿ ಹಸಿರು ಅಂತ ಇರೋದು ಅದೊಂದೇ, ಅದನ್ನೂ ಎತ್ತಿ ಬಿಸಾಕ್ತೀಯ."

"ಏನ್ ಮಾಡ್ಲಿ ಅಕ್ಕಾ, ಟೈಮೇ ಸಿಗಲ್ಲ."

"ನಂಗೇನು ಬುಟ್ಟಿ ತುಂಬಾ ಟೈಮ್ ಇದೆಯಾ?" ಎಂದು ಅವರು ಸೈಕಲ್ ಇಳಿಸಿಕೊಂಡು ಹೊರಟರು. ನಿಜವೇ. ಊರೆಲ್ಲ ಮನೆಯೊಳಗೆ ಕೂತಿದ್ದಾಗ ಅವರು ಬೆಳಿಗ್ಗೆ ಐದೂವರೆಗೆ ಕಾರ್ಖಾನೆಗೆ ಹೋಗುತ್ತಿದ್ದರು. ಜನರ ಹೊಟ್ಟೆಗೆ ಡಬ್ಬಿ ಬೇಕಲ್ಲ. ನನಗೆ ಮಾತ್ರ ಆ ದಿನ ಬಹಳ ಸಿಟ್ಟು ಬಂತು. ನನ್ನ ಮನೆಯ ಊಟ ಇವರಿಗೇನು ಕೇಡು ಎಂದುಕೊಂಡೆ.

ನಮ್ಮ ಕಟ್ಟಡದಿಂದ ಸೈಕಲ್ಲಿನಲ್ಲಿ ಐದು ನಿಮಿಷ ಹೋದರೆ ಹಿನಾತಾ ತೋಟ ಎಂಬ ಜಾಗವಿತ್ತು. ಒಬ್ಬ ರೈತರು ತಮ್ಮ ಹೊಲವನ್ನು ನಲವತ್ತು ತಾಕು ಮಾಡಿ ಊರಿನವರಿಗೆ ಬಾಡಿಗೆಗೆ ಕೊಟ್ಟಿದ್ದರು. ಎರಡು ವರ್ಷ ಸರದಿಯಲ್ಲಿ ಕಾದು, ಆ ಏಪ್ರಿಲ್‌ನಲ್ಲಿ ಕಾಮಾಕ್ಷಕ್ಕನಿಗೆ ಇಪ್ಪತ್ತೇಳನೇ ತಾಕು ಸಿಕ್ಕಿತ್ತು. ಕಾರ್ಖಾನೆಯಲ್ಲಿ ಅವರು ಟೋಪಿಯ ಮೇಲಿನ ಒಂದು ನಂಬರು. ಗಂಡನ ಕಂಪನಿಯ ಸಮಾರಂಭಗಳಲ್ಲಿ ಸತ್ಯನಾರಾಯಣ-ಸಾನ್ ಅವರ ಹೆಂಡತಿ. ಈ ದೇಶದಲ್ಲಿ ಅವರು ಯಾರ ಅಪ್ಪಣೆಯೂ ಇಲ್ಲದೆ ತಮಗೆ ಗೊತ್ತಿರುವುದನ್ನು ಮಾಡಬಹುದಾಗಿದ್ದ ಜಾಗ ಅದೊಂದೇ. ಇದನ್ನು ಅವರು ನನಗೆ ಹೇಳಿದವರಲ್ಲ. ಅಲ್ಲಿ ಅವರು ನಿಲ್ಲುವ ರೀತಿ ನೋಡಿ ನಾನೇ ತಿಳಿದುಕೊಂಡದ್ದು.

ತೋಟಕ್ಕೆ ಒಂದು ಸಮಿತಿ, ಸಮಿತಿಗೆ ಒಬ್ಬ ಅಧ್ಯಕ್ಷರು: ಒನೊದೆರಾ-ಸಾನ್, ನಮ್ಮಲ್ಲಾದರೆ ಒನೊದೆರಾ ಅವರು. ಎಂಬತ್ತು ದಾಟಿದ ಮನುಷ್ಯ, ಬೆನ್ನು ಮಾತ್ರ ಸ್ಕೇಲು. ಅವರ ತಾಕಿನ ಟೊಮ್ಯಾಟೋ ಕಂಬಗಳೂ ಹಾಗೇ. ಅಲ್ಲಿನ ನಿಯಮ ಸರಳ. ತಾಕಿನಲ್ಲಿ ಕಳೆ ಬೆಳೆದರೆ ಹಳದಿ ಚೀಟಿ ಕಟ್ಟುತ್ತಾರೆ. ಎರಡು ಚೀಟಿ ಆದ ಮೇಲೆ ತಪಾಸಣೆ. ಆಗಲೂ ಕಳೆ ಇದ್ದರೆ ತಾಕು ವಾಪಸ್, ಮುಂದೆ ಐದು ವರ್ಷ ಅರ್ಜಿ ಹಾಕುವಂತಿಲ್ಲ.

ಜೂನ್ ಮಧ್ಯದಲ್ಲಿ ಇಪ್ಪತ್ತೇಳನೇ ತಾಕಿಗೆ ಮೊದಲ ಹಳದಿ ಚೀಟಿ ಬಿತ್ತು. ಸಂಜನಾಳನ್ನು ಗಾಳಿಗೆ ಕರೆದುಕೊಂಡು ಹೋಗಿದ್ದಾಗ ನಾನೇ ನೋಡಿದೆ. ಒಂದು ಕಡೆ ಬೆಂಡೆ, ಹುರುಳಿಕಾಯಿ ಗಿಡ ಇದ್ದವು, ಸರಿ. ಉಳಿದ ಮುಕ್ಕಾಲು ಭಾಗ ಮೊಣಕಾಲೆತ್ತರ ಏನೇನೋ ಬೆಳೆದು ನಿಂತಿತ್ತು. ಕಾಮಾಕ್ಷಕ್ಕನಿಗೆ ಆ ವಾರವೆಲ್ಲ ಹೆಚ್ಚುವರಿ ಪಾಳಿ. ಪಾಪ, ಕಳೆ ಕೀಳಲು ಸಮಯ ಸಿಕ್ಕಿಲ್ಲ ಎಂದುಕೊಂಡೆ. ಹೌದು, "ಪಾಪ" ಎಂದುಕೊಂಡೆ, ಅದಕ್ಕೇ ಶಾಸ್ತಿಯಾಯಿತು.

ತಾಯಿ ಮಗಳು ಇಬ್ಬರೂ ಶನಿವಾರ ಎರಡು ಗಂಟೆ ಬಗ್ಗಿ ಕಿತ್ತೆವು. ನನ್ನ ಜನ್ಮದಲ್ಲಿ ಅಷ್ಟು ಮಣ್ಣು ಮುಟ್ಟಿರಲಿಲ್ಲ. ಬೆಂಡೆ, ಹುರುಳಿಕಾಯಿ ಬಿಟ್ಟು ಉಳಿದದ್ದನ್ನೆಲ್ಲ ಬೇರುಸಹಿತ ಎಳೆದು ಮೂಲೆಯಲ್ಲಿ ರಾಶಿ ಹಾಕಿದೆವು. ಬೋಳು ನೆಲ ಕಂಡು ಹೆಮ್ಮೆಯಿಂದ ಫೋಟೋ ತೆಗೆದು ಕಾಮಾಕ್ಷಕ್ಕನಿಗೆ ಕಳಿಸಿ, "ಸರ್ಪ್ರೈಸ್" ಎಂದು ಬರೆದೆ.

ಇಪ್ಪತ್ತು ನಿಮಿಷದಲ್ಲಿ ಅವರು ಸೈಕಲ್ ತುಳಿದು ಬಂದರು. ಹಣೆಯ ಮೇಲೆ ಕಾರ್ಖಾನೆಯ ಟೋಪಿಯ ಅಚ್ಚು ಇನ್ನೂ ಹಾಗೇ ಇತ್ತು. ತಾಕನ್ನು ನೋಡಿದರು, ನನ್ನನ್ನು ನೋಡಿದರು.

"ಯಾರೇ ಹೇಳಿದ್ದು ನಿಂಗೆ?"

"ಕಳೆ ಜಾಸ್ತಿ ಆಗಿತ್ತಲ್ಲಾ ಅಕ್ಕಾ, ಹೆಲ್ಪ್ ಮಾಡೋಣ ಅಂತ..."

"ಕಳೆ!" ಅವರು ರಾಶಿಯಿಂದ ಒಂದು ಗಿಡ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. ಕುಡಿಯ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗಿತ್ತು. "ಏನಿದು?"

ನನಗೆ ಗೊತ್ತಿರಲಿಲ್ಲ.

"ಚಕ್ಕೋತ ಸೊಪ್ಪು ಕಣೆ, ಚಕ್ಕೋತ! ಗಾಂಧಿಬಜಾರ್‌ನಲ್ಲಿ ಕಟ್ಟು ಇಷ್ಟಕ್ಕೆ ಅಂತ ಚೌಕಾಸಿ ಮಾಡ್ಕೊಂಡು ತರ್ತಿದ್ರಲ್ಲ ನಿಮ್ಮಮ್ಮ, ಅದು. ಇದು ಕೀರೆ. ಇದು ಗೋಣಿ ಸೊಪ್ಪು. ಎಲ್ಲಾ ಕಿತ್ತು ಗುಡ್ಡೆ ಹಾಕಿದೀಯಲ್ಲೇ!"

ಸೊಪ್ಪನ್ನು ನಾನು ಬಾಳೆನಾರಿನಲ್ಲಿ ಕಟ್ಟಿದ ಕಟ್ಟಾಗಿ ನೋಡಿದ್ದೆನೇ ಹೊರತು ನೆಲದಲ್ಲಿ ನಿಂತದ್ದನ್ನು ನೋಡಿರಲಿಲ್ಲ. ಅಳು ಬರುವಂತಾಯಿತು. ಅವರು ಸಮಾಧಾನ ಹೇಳಲಿಲ್ಲ. ರಾಶಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಬೇರು ಮುರಿದು, ಎಳೆಯದ್ದನ್ನೆಲ್ಲ ಚೀಲಕ್ಕೆ ಹಾಕತೊಡಗಿದರು. "ಕೂತ್ಕೋ. ಕಿತ್ತಿದ್ದು ನೀನೇ, ಸೋಸೋದೂ ನೀನೇ" ಎಂದರು. ಸಂಜನಾ ಆಗಲೇ ಅವರ ತೊಡೆಗೆ ಒರಗಿ ಕೂತಿದ್ದಳು.

ಯಾವುದೋ ಎಲೆ ಕಿತ್ತು ನಾನು ಚೀಲಕ್ಕೆ ಹಾಕಲು ಹೋದಾಗ ಕೈಮೇಲೆ ಹೊಡೆದರು. "ಗೊತ್ತಿಲ್ಲದ್ದು ಮುಟ್ಟಬೇಡ. ಗುರುತು ಹಿಡಿಯೋಕೆ ಬಂದ್ರೆ ಮಾತ್ರ ಸೊಪ್ಪು, ಇಲ್ದಿದ್ರೆ ಬರೀ ಹುಲ್ಲು." ಅವರೇ ಗಣಿಕೆ ಸೊಪ್ಪಿನಂಥ ಒಂದು ಗಿಡವನ್ನು ಹೊರಗೆಸೆದರು. ಊರಲ್ಲಾಗಿದ್ದರೆ ಬಿಡುತ್ತಿರಲಿಲ್ಲವಂತೆ. ಇಲ್ಲಿಯದು ಅದೇ ಜಾತಿಯೋ ಅಲ್ಲವೋ ಖಾತ್ರಿಯಿಲ್ಲ, ಆದ್ದರಿಂದ ಬೇಡ ಎಂದರು.

ಆ ಸಂಜೆ ಅವರ ಅಡುಗೆಮನೆಯ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತು ನೋಡಿದೆ. ಸೊಪ್ಪನ್ನು ದೊಡ್ಡ ಪಾತ್ರೆಯಲ್ಲಿ ಮೂರು ನೀರು ತೊಳೆದರು. ತೊಗರಿಬೇಳೆ, ಸೊಪ್ಪು, ಎರಡು ಟೊಮ್ಯಾಟೋ, ಹಸಿಮೆಣಸು, ಒಂದು ಈರುಳ್ಳಿ, ಎಲ್ಲ ಒಟ್ಟಿಗೆ ಕುಕ್ಕರಿಗೆ. ಮೂರು ಕೂಗು. ಅಷ್ಟರಲ್ಲಿ ಸ್ಪಂದನಾ ಬೆಳ್ಳುಳ್ಳಿ ಸುಲಿದಳು. ಕುಕ್ಕರ್ ಇಳಿದ ಮೇಲೆ ಕಟ್ಟು ಬಸಿದು, ಬೆಂದದ್ದನ್ನು ಮರದ ಸೌಟಿನಿಂದ ಮಸೆದು, ಹುಣಸೆರಸ ಉಪ್ಪು ಬೆರೆಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಗಡಿಯಾರ ನೋಡಿದೆ, ಇಪ್ಪತ್ತೈದು ನಿಮಿಷ. ಕೊಂಬಿನಿಗೆ ಹೋಗಿ ಸರದಿಯಲ್ಲಿ ನಿಂತು ಬರಲು ನನಗೆ ಅಷ್ಟೇ ಹಿಡಿಯುತ್ತಿತ್ತು.

ಸಂಜನಾ ಎರಡು ಸಲ ಹಾಕಿಸಿಕೊಂಡು ತಿಂದಳು. "ನಾನೇ ಕಿತ್ತಿದ್ದು" ಎಂದು ಅವಳಿಗೆ ಜಂಬ. ಸೋಮವಾರ ಬೆಳಿಗ್ಗೆ ಬಚ್ಚಲಿನಿಂದ ಅವಳು ಅಳದೆ ಹೊರಬಂದಾಗ ಅನೂಪ್ ಮೀಟಿಂಗಿನ ನಡುವೆಯೇ ಚಪ್ಪಾಳೆ ತಟ್ಟಿದರು. ಆ ಕಡೆಯವರು ಏನೆಂದುಕೊಂಡರೋ ಗೊತ್ತಿಲ್ಲ.

ಅಲ್ಲಿಂದ ವಾರಕ್ಕೆ ಮೂರು ದಿನ ನಮ್ಮ ಮನೆಯಲ್ಲೂ ಸೊಪ್ಪು. ಕಾಮಾಕ್ಷಕ್ಕ ಭಾನುವಾರವೇ ತೊಳೆದು, ನೀರಾರಿಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗಿಡುವುದನ್ನು ಕಲಿಸಿದರು. ಬೇಳೆ ಬೆಳಿಗ್ಗೆಯೇ ನೆನೆಹಾಕು ಎಂದರು. "ಪುರಸೊತ್ತಿಲ್ಲದೋರಿಗೆ ಟೊಮ್ಯಾಟೋ ಅಲ್ಲ ಕಣೆ, ಇದೇ ಸರಿ. ನೀರು ಬೇಡ, ಗೊಬ್ಬರ ಬೇಡ, ಔಷಧಿ ಬೇಡ. ಬೇಡಾ ಅಂದ್ರೂ ಬರುತ್ತೆ" ಎನ್ನುತ್ತಿದ್ದರು. ಅವರು ಹೇಳಿದ್ದು ಆ ವರ್ಷವೇ ಕಣ್ಣಿಗೆ ಕಂಡಿತು. ಜುಲೈ ತಿಂಗಳಿಡೀ ಸೂರ್ಯ ಮುಖ ತೋರಿಸಲಿಲ್ಲ. ಹಿನಾತಾ ತೋಟದ ಟೊಮ್ಯಾಟೋಗಳು ಒಡೆದವು, ಸೌತೆ ಕೊಳೆಯಿತು, ಅಂಗಡಿಯಲ್ಲಿ ತರಕಾರಿಯ ಬೆಲೆ ಮುಟ್ಟುವಂತಿರಲಿಲ್ಲ. ನಾನು ಬೋಳು ಮಾಡಿದ್ದ ಇಪ್ಪತ್ತೇಳನೇ ತಾಕಿನಲ್ಲಿ ಮಾತ್ರ ಹೊಸ ಸೊಪ್ಪು ಒತ್ತೊತ್ತಾಗಿ ಎದ್ದಿತ್ತು.

ಅದರ ಜೊತೆ ಎರಡನೇ ಹಳದಿ ಚೀಟಿಯೂ ಬಂತು. ಈ ಸಲ ಒನೊದೆರಾ-ಸಾನ್ ಖುದ್ದಾಗಿ ಕಾಯುತ್ತಿದ್ದರು. ಕಾಮಾಕ್ಷಕ್ಕನ ಜಪಾನೀಸು ಹರಕು ಮುರುಕು, ಸಿಕ್ಕಿಕೊಂಡ ಕಡೆ ಸ್ಪಂದನಾ ಸೇರಿಸುತ್ತಿದ್ದಳು. ನಡೆದದ್ದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ.

"ಕಾಮಾಕ್ಷಿ-ಸಾನ್, ಕಳೆಯ ಬೀಜ ಪಕ್ಕದ ತಾಕಿಗೆ ಹಾರುತ್ತದೆ. ಅವರಿಗೆ ತೊಂದರೆ" ಎಂದರು ಒನೊದೆರಾ-ಸಾನ್. ಅದು ನ್ಯಾಯವಾದ ಮಾತೇ.

"ಹಾರಲ್ಲ. ಹೂವಾಗೋ ಮೊದಲೇ ಚಿವುಟ್ತೀನಿ. ಒಂದು ಹೂವು ತೋರ್ಸಿ, ನಾಳೆನೇ ಬಿಟ್ಟು ಹೋಗ್ತೀನಿ."

ಅವರು ತಾಕಿನ ಸುತ್ತ ಒಂದು ಸುತ್ತು ಬಂದರು. ಹೂವು ಸಿಗಲಿಲ್ಲ.

"ಆದರೂ ಇದು ಕಳೆ."

"ಜನವರಿ ಏಳಕ್ಕೆ ನೀವೆಲ್ಲ ಗಂಜಿಗೆ ಹಾಕ್ಕೊಂಡು ತಿಂತೀರಲ್ಲ ಏಳು ಸೊಪ್ಪು, ಅದರಲ್ಲಿ ಅರ್ಧ ನಿಮ್ಮ ಬದುವಿನ ಮೇಲೆ ಬೆಳೆಯೋದೇ. ಅಂಗಡೀಲಿ ಡಬ್ಬಿ ಕಟ್ಟಿ ಮಾರ್ತಾರೆ, ನಾನೇ ನೋಡಿದೀನಿ. ಅದು ಕಳೆ ಅಲ್ವಾ?"

"ಅದು ಪದ್ಧತಿ."

"ಇದೂ ಪದ್ಧತಿ. ನಮ್ಮದು."

ಒನೊದೆರಾ-ಸಾನ್ ನೆಲ ನೋಡಿದರು. ಅಲ್ಲಿ ಗೋಣಿ ಸೊಪ್ಪು ಕೆಂಪು ಕಾಂಡ ಚಾಚಿ ಹರಡಿಕೊಂಡಿತ್ತು. ಅವರ ಮುಖ ಬಿಗಿಯಿತು. "ಇದನ್ನು ಯಾರೂ ತಿನ್ನುವುದಿಲ್ಲ. ತಿನ್ನುವ ಕಾಲ ಮುಗಿಯಿತು" ಎಂದರು. ಆಗಸ್ಟ್ ಇಪ್ಪತ್ತಮೂರಕ್ಕೆ ತಪಾಸಣೆ ಎಂದು ಬರೆದ ಕಾಗದ ಕೊಟ್ಟು, ಬಗ್ಗಿ ನಮಸ್ಕರಿಸಿ ಹೋದರು. ಮರ್ಯಾದೆಯಲ್ಲಿ ಕೊರತೆಯೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಮನೆಯಲ್ಲಿ ಸತ್ಯನಾರಾಯಣ ಅವರದು ಬೇರೆ ರಾಗ. ಅವರು ಕೆಟ್ಟವರಲ್ಲ, ತಲೆ ತಗ್ಗಿಸಿದರೆ ಗಾಳಿ ಮೇಲೆ ಹೋಗುತ್ತದೆ ಎಂದು ನಂಬಿದವರು. ನನ್ನೆದುರಿಗೇ ಹೇಳಿದರು.

"ನಾಲ್ಕು ಟೊಮ್ಯಾಟೋ ಹಾಕ್ಬಿಡೇ ಮಾರಾಯ್ತಿ, ಎಲ್ರೂ ಹಾಕ್ತಾರೆ. ಸೊಪ್ಪಿಗೋಸ್ಕರ ಯಾಕೆ ಇಷ್ಟು ಹಠ? ನಮ್ಮ ಕಡೆಯೋರಿಗೆ ಗೊತ್ತಾದ್ರೆ ನಗ್ತಾರೆ."

"ನಗಲಿ. ಮದುವೇಲೂ ನಕ್ಕಿದ್ರಲ್ಲ ನಿಮ್ಮ ದೊಡ್ಡಮ್ಮ, ಸೊಪ್ಪು ತಿಂದು ಬೆಳೆದೋಳು ಅಂತ. ಹೌದು, ಸೊಪ್ಪು ತಿಂದೇ ಬೆಳೆದೆ. ಬೆಳೆದೆ ತಾನೆ? ನಮ್ಮಮ್ಮ ಗೌಡರ ಹೊಲದಲ್ಲಿ ಕಳೆ ಕಿತ್ತು, ಅದೇ ಕಳೇನ ಮಡಿಲಲ್ಲಿ ಕಟ್ಕೊಂಡು ಬಂದು ನಾಲ್ಕು ಮಕ್ಕಳನ್ನ ಸಾಕಿದ್ದಾಳೆ. ಅದನ್ನ ಕಳೆ ಅಂತ ನನ್ನ ಕೈಲೇ ಕೀಳಿಸಬೇಕಾ ಇವರು? ಆಗಲ್ಲ ರೀ. ತಾಕು ಹೋದ್ರೆ ಹೋಗಲಿ, ಹಾಗಂತ ಒಪ್ಕೊಳ್ಳಲ್ಲ."

ಹೋದರೆ ಹೋಗಲಿ ಎಂದರು, ಆದರೆ ಧ್ವನಿ ಸ್ವಲ್ಪ ಬಿರಿದಿತ್ತು. ಸ್ಪಂದನಾ ಎದ್ದು ಒಳಗೆ ಹೋದಳು. ಕೋಪ ಮಾಡಿಕೊಂಡಳು ಎಂದುಕೊಂಡೆವು. ಅರ್ಧ ಗಂಟೆಯ ಮೇಲೆ ತೋಟದ ನಿಯಮಗಳ ಪುಸ್ತಕ ಹಿಡಿದುಕೊಂಡು ಬಂದಳು. ಬಾಡಿಗೆ ಪತ್ರದ ಜೊತೆ ಕೊಟ್ಟಿದ್ದ ಆ ಪುಸ್ತಕವನ್ನು ನಲವತ್ತು ತಾಕಿನವರಲ್ಲಿ ಯಾರೂ ಪೂರ್ತಿ ಓದಿರಲಿಕ್ಕಿಲ್ಲ.

"ಅಮ್ಮಾ, ಲಿಸನ್. ಪೇಜ್ ನೈನ್" ಎಂದು, ಜಪಾನೀಸು ಓದಿ, ತನ್ನ ತೊಡರು ಕನ್ನಡದಲ್ಲಿ ಹೇಳಿದಳು. "ಬೆಳೆ ಅಂದ್ರೆ... ತಾಕಿನವರು ತಾವೇ ಹಾಕಿದ್ದು. ಬೀಜ ಆರ್ ಗಿಡ. ಸಾಲಲ್ಲಿ. ನೇಮ್ ಬೋರ್ಡ್ ಬೇಕು. ಅದು ಬಿಟ್ಟು ಬೇರೆ ಎಲ್ಲ ಕಳೆ. ಯಾವ ಗಿಡ ಅಂತ ಬರ್ದಿಲ್ಲ. ಎನಿಥಿಂಗ್ ಓಕೆ."

ಕಾಮಾಕ್ಷಕ್ಕ ಪುಸ್ತಕವನ್ನೇ ನೋಡಿದರು. ಅವರಿಗೆ ಅದರ ಒಂದಕ್ಷರವೂ ಬರುವುದಿಲ್ಲ. "ಸಾಲು ಬೇಕಂತಾ ಇವರಿಗೆ? ಸಾಲು ಕೊಡಣ" ಎಂದರು.

ತಪಾಸಣೆಗೆ ಹದಿನೈದು ದಿನ ಉಳಿದಿತ್ತು. ಮಳೆ ನಿಂತು ಬಿಸಿಲು ಬೆಂಕಿಯಾಗಿತ್ತು. ಕಳೆಯ ಸಸಿ ನಾಟಿ ಮಾಡಿದವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೋ ನನಗೆ ತಿಳಿಯದು. ಎರಡು ಮನೆಯ ನಾವು ಮಾತ್ರ ಮಾಡಿದೆವು. ದಿನವೂ ಬಿಸಿಲಿಳಿದ ಮೇಲೆ, ಕಾಮಾಕ್ಷಕ್ಕ ಬೆಳಗಿನ ಪಾಳಿ ಮುಗಿಸಿ ಬಂದ ಸುಸ್ತಿನಲ್ಲೇ, ಹಗ್ಗ ಕಟ್ಟಿ ಸಾಲು ಎಳೆದರು. ಬೆಳೆದು ಬಲಿತದ್ದನ್ನೆಲ್ಲ ಕೊಯ್ದು ಸಾರಿಗೆ ಹಾಕಿದೆವು. ಕೀರೆ, ಚಕ್ಕೋತದ ಎಳೆ ಸಸಿಗಳನ್ನು ಬೇರಿನ ಮಣ್ಣು ಉದುರದಂತೆ ಸೌಟಿನಲ್ಲಿ ಎತ್ತಿ ನೆಟ್ಟೆವು. ಗೋಣಿ ಸೊಪ್ಪಿಗೆ ಆ ಉಪಚಾರವೂ ಬೇಡ, ಗೇಣುದ್ದ ಕಾಂಡ ಮುರಿದು ಚುಚ್ಚಿದರೆ ಸಾಕು. ಸಾಲಿನ ನಡುವೆ ಎದ್ದದ್ದನ್ನೆಲ್ಲ ಕಾಮಾಕ್ಷಕ್ಕ ತಮ್ಮ ಕೈಯಾರೆ ಕಿತ್ತರು. "ನೀನು ಸೊಪ್ಪಲ್ಲ, ಸಾಲು ತಪ್ಪಿದೀಯ" ಎಂದು ಗಿಡಕ್ಕೆ ಹೇಳಿ ನಗುತ್ತಿದ್ದರು. ಪಕ್ಕದ ತಾಕುಗಳವರು ಟೊಮ್ಯಾಟೋ ಕಂಬದ ಹಿಂದಿನಿಂದ ನಮ್ಮನ್ನು ನೋಡುತ್ತಿದ್ದರು. ನಾನು ಅವರಿಗೆಲ್ಲ ಜೋರಾಗಿ ನಮಸ್ಕಾರ ಹೇಳಿದೆ. ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿ ಬದುಕುವ ನನಗೆ ಅದೇ ಒಂದು ಹಬ್ಬ.

ಮೂರನೇ ದಿನ ಚಕ್ಕೋತದ ಅರ್ಧ ಸಸಿ ಸುಟ್ಟುಹೋದವು. ಸತ್ಯನಾರಾಯಣ ಅಂದು ಕಂಪನಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದು, ಕತ್ತರಿಸಿ, ಉಳಿದ ಸಸಿಗಳಿಗೆ ನೆರಳು ಕಟ್ಟಿದರು. ಆ ರಾತ್ರಿ ಅವರಿಗೆ ಒಂದು ಮುದ್ದೆ ಹೆಚ್ಚಿಗೆ ಬಿತ್ತಂತೆ.

ಇಪ್ಪತ್ತಮೂರರ ಬೆಳಿಗ್ಗೆ ಒನೊದೆರಾ-ಸಾನ್ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದರು. ನಾವು ದೂರ ದೂರ ನಿಂತಿದ್ದೆವು, ಎಲ್ಲರ ಮುಖಕ್ಕೂ ಮಾಸ್ಕು. ಆರು ಸಾಲು, ಹಗ್ಗ ಹಿಡಿದಂತೆ. ಪ್ರತಿ ಸಾಲಿನ ತಲೆಯಲ್ಲಿ ಸ್ಪಂದನಾ ಮರದ ಪಟ್ಟಿಯ ಮೇಲೆ ಕಪ್ಪು ಮಸಿಯಲ್ಲಿ ಆಯಾ ಗಿಡದ ಜಪಾನೀಸು ಹೆಸರು ಬರೆದು ನೆಟ್ಟಿದ್ದಳು.

ಅವರು ಮೊದಲ ಸಾಲು ನೋಡಿದರು. ಎರಡನೆಯದು ನೋಡಿದರು. ಬಗ್ಗಿ ಹೆಸರು ಓದಿದರು. ಕಾಮಾಕ್ಷಕ್ಕ ಕೈಕಟ್ಟಿಕೊಂಡು ನಿಂತಿದ್ದರು, ಬೆರಳುಗಳು ತೋಳನ್ನು ಒತ್ತಿ ಹಿಡಿದದ್ದು ನನಗೆ ಕಾಣುತ್ತಿತ್ತು. ಈ ನೆಲ ಇವತ್ತು ಹೋದರೆ ಇನ್ನು ಐದು ವರ್ಷ ಇಲ್ಲ. ಐದು ವರ್ಷಕ್ಕೆ ಯಾರು ಎಲ್ಲಿರುತ್ತಾರೋ.

"ನೆಟ್ಟಿದ್ದೀರಿ" ಎಂದರು ಒನೊದೆರಾ-ಸಾನ್.

"ನಾವೇ ನೆಟ್ಟಿದ್ದು. ಸಾಲಿದೆ. ಹೆಸರಿದೆ. ಪುಟ ಒಂಬತ್ತು" ಎಂದಳು ಸ್ಪಂದನಾ, ಅಮ್ಮ ಬಾಯಿ ತೆರೆಯುವ ಮೊದಲೇ.

ಒನೊದೆರಾ-ಸಾನ್ ಜೇಬಿನಿಂದ ಅದೇ ಪುಸ್ತಕ ತೆಗೆದು ಒಂಬತ್ತನೇ ಪುಟ ಓದಿದರು. ಎರಡು ಸಲ ಓದಿದರು. ಆ ಪುಸ್ತಕ ಬರೆದವರೇ ಅವರು ಎಂದು ನಮಗೆ ಆಮೇಲೆ ತಿಳಿಯಿತು. ಕಾಗದದಲ್ಲಿ ಕಳೆ ಎಂಬ ಕಡೆ "ಇಲ್ಲ" ಎಂಬುದಕ್ಕೆ ಸುತ್ತು ಹಾಕಿ, ಮೊಹರು ಒತ್ತಿದರು. ಸಂಜನಾ ಕುಣಿದಳು. ನಾನು ಅನೂಪ್‌ಗೆ ಫೋನ್ ಮಾಡಲು ಕೈ ಹಾಕಿದೆ.

ಅವರು ಹೋಗಲಿಲ್ಲ. ಐದನೇ ಸಾಲಿನ ಮುಂದೆ, ಗೋಣಿ ಸೊಪ್ಪಿನ ಮುಂದೆ, ನಿಂತೇ ಇದ್ದರು.

"ನಮ್ಮ ಯಮಗಾತಾದಲ್ಲಿ ಇದಕ್ಕೆ ಬೇರೆ ಹೆಸರು" ಎಂದರು. "ಯುದ್ಧ ಮುಗಿದ ಮರುವರ್ಷ ನಾನು ಶಾಲೆಗೆ ಸೇರಿದೆ. ಅಪ್ಪ ಯುದ್ಧದಿಂದ ಬರಲಿಲ್ಲ. ಅಕ್ಕಿ ಇರಲಿಲ್ಲ. ಅಮ್ಮ ದಾರಿ ಬದಿಯಿಂದ ಇದನ್ನು ಕಿತ್ತು, ಬೇಯಿಸಿ, ಡಬ್ಬಿಗೆ ತುಂಬಿ ಕೊಡುತ್ತಿದ್ದಳು. ಹುಡುಗರು ನಗುತ್ತಿದ್ದರು. ನಾನು ಶಾಲೆಯ ಮುಂದಿನ ಕಾಲುವೆಗೆ ಅದನ್ನು ಚೆಲ್ಲಿ, ಮನೆಯಲ್ಲಿ ಖಾಲಿ ಡಬ್ಬಿ ತೋರಿಸುತ್ತಿದ್ದೆ."

ಸ್ಪಂದನಾ ಮೆಲ್ಲಗೆ ಕನ್ನಡಕ್ಕೆ ತಿರುಗಿಸಿದಳು. ಕಾಮಾಕ್ಷಕ್ಕ ಕಟ್ಟಿದ್ದ ಕೈ ಬಿಟ್ಟರು.

"ಅಮ್ಮನಿಗೆ ಗೊತ್ತಿತ್ತು" ಎಂದರು ಒನೊದೆರಾ-ಸಾನ್. "ಒಂದು ದಿನ ಕಾಲುವೆಯ ಆಚೆ ದಡದಲ್ಲಿ ನಿಂತು ನೋಡಿದ್ದಳು. ಬೈಯಲಿಲ್ಲ. ಮಾರನೇ ದಿನವೂ ಅದನ್ನೇ ತುಂಬಿ ಕೊಟ್ಟಳು. ಅದರ ಮಾರನೇ ದಿನವೂ."

ಕಾಮಾಕ್ಷಕ್ಕ ಸಾಲಿಗೆ ಇಳಿದು, ಬುಡ ಬಿಟ್ಟು, ಗೋಣಿ ಸೊಪ್ಪನ್ನು ಕೈತುಂಬ ಕೊಯ್ದು, ಒಂದು ಕಾಂಡದಿಂದಲೇ ಕಟ್ಟು ಬಿಗಿದು ಅವರ ಮುಂದೆ ಹಿಡಿದರು.

ಒನೊದೆರಾ-ಸಾನ್ ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ. ಸಮಿತಿಯವರು ತಾಕಿನವರ ಕೈಯಿಂದ ಏನೂ ತೆಗೆದುಕೊಳ್ಳುವಂತಿಲ್ಲ. ನಿಯಮ."

ಕಾಮಾಕ್ಷಕ್ಕ ತಾಕಿನಿಂದ ಹೊರಗೆ ಬಂದು, ಕಟ್ಟನ್ನು ನಡೆಯುವ ದಾರಿಯ ಮಧ್ಯದಲ್ಲಿ ಇಟ್ಟರು.

"ದಾರಿಯ ಮೇಲೆ ಏನೂ ಬಿಡುವ ಹಾಗಿಲ್ಲ" ಎಂದರು ಒನೊದೆರಾ-ಸಾನ್, ಕೂಡಲೇ.

"ಹಾಗಾದ್ರೆ ತೆಗೀರಿ. ನೀವೇ ಅಧ್ಯಕ್ಷರು" ಎಂದರು ಕಾಮಾಕ್ಷಕ್ಕ, ತಮ್ಮ ಹರಕು ಜಪಾನೀಸಿನಲ್ಲಿ, ಮಗಳ ಸಹಾಯವಿಲ್ಲದೆ. ಹೇಳಿ, ಬೆನ್ನು ತಿರುಗಿಸಿ, ಬೆಂಡೆ ಗಿಡಕ್ಕೆ ನೀರು ಹಾಕಲು ಹೋದರು. ನಮಗೂ ತಿರುಗಿ ನಿಲ್ಲಿ ಎಂದು ಕಣ್ಣಲ್ಲೇ ಹೇಳಿದರು.

ನಾನು ತಿರುಗಿದೆ, ಆದರೆ ಕದ್ದು ನೋಡಿದೆ. ಸ್ಕೇಲಿನಂಥ ಆ ಬೆನ್ನು ನಿಧಾನಕ್ಕೆ ಬಗ್ಗಿತು. ಒನೊದೆರಾ-ಸಾನ್ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಒಂದು ಎಲೆ ಕಿತ್ತು, ಹಸಿಯಾಗಿಯೇ ಬಾಯಿಗೆ ಹಾಕಿಕೊಂಡರು.